ನ್ಯಾಶನಲ್ ಪರ್ಮಿಟ್

ಮೂರು ಲೋಡು ಮಣ್ಣು. ಸುರಿದವನು ನಾನೇ.
ಪೆರ್ಲ ದಾಟಿ ಗಡಿ ಸಿಗುವ ಮೊದಲಿನ ತಿರುವಿನಲ್ಲಿ
ರಾತ್ರಿ ಒಂದೂವರೆಗೆ, ಹೆಡ್‌ಲೈಟು ಆರಿಸಿ.
ಯಾರ ಆರ್ಡರು ಎಂದು ಕೇಳಲಿಲ್ಲ.
ಟಿಪ್ಪರು ಕೇಳುವುದಿಲ್ಲ; ಲಿವರು ಎಳೆದರೆ ಬೆನ್ನೆತ್ತುತ್ತದೆ.

ರೋಗ ಬಂದ ವರ್ಷ. ರಸ್ತೆ ಮುಚ್ಚಬೇಕಂತೆ.
ಸರಿಯಾಗಿ ಎಲ್ಲಿ ಎಂದು ನಿಂತವರಿಗೂ ಗೊತ್ತಿರಲಿಲ್ಲ.
ಡಾಮರಿನ ಬಣ್ಣ ಬದಲಾಗುವಲ್ಲಿ, ಎಂದ ಒಬ್ಬ.
ಟಾರ್ಚು ಹಾಕಿ ನೋಡಿದೆವು. ಕಪ್ಪೇ ಇತ್ತು, ಎರಡೂ.

ಮೂರನೆಯದನ್ನು ಇಳಿಸಿ, ಡಾಲಾ ತಟ್ಟಿ,
ಇನ್ನು ಮನೆಗೆ ಹೋಗುವಾ ಎಂದು ತಿರುಗಿದಾಗ ತಿಳಿಯಿತು
ಮನೆ ಆಚೆ.
ಆಚೆ ಕುಸುಮ ಗಂಜಿ ಮುಚ್ಚಿಟ್ಟು ಕಾಯುತ್ತಿದ್ದಾಳೆ,
ಈಚೆ ನಾನು,
ನಡುವೆ ನನ್ನದೇ ಕೈಕೆಲಸ.

ಸ್ಟಿಯರಿಂಗು ಹಿಡಿಯಲು ಕಲಿಸಿದ್ದು ಅಂದುಂಞಿಚ್ಚ.
ಅವರ ಲಾರಿಯ ಹಣೆಗೆ ಹಳದಿ ಅಕ್ಷರ: ನ್ಯಾಶನಲ್ ಪರ್ಮಿಟ್.
ಇಲ್ಲಿಂದ ಹಂಚು, ನಾಸಿಕದಿಂದ ಈರುಳ್ಳಿ,
ಒಮ್ಮೆ ಲೂಧಿಯಾನದಿಂದ ಬರೀ ಸ್ವೆಟರು,
ಈ ಸೆಕೆಯ ಊರಿಗೆ!
‘ಭಾರ ಒಂದೇ ಮಗ್ಗುಲಿಗೆ ಹೇರಬೇಡ ಮೋನೆ,
ಮೊದಲ ತಿರುವಿನಲ್ಲೇ ಮಗುಚುತ್ತದೆ.’
ಸಾಗರದ ಹತ್ತಿರ (ನಮ್ಮ ಸಾಗರ ಅಲ್ಲ, ಮಧ್ಯಪ್ರದೇಶದ್ದು)
ಆಕ್ಸಲು ಮುರಿದ ರಾತ್ರಿ
ಯಾವುದೋ ಮನೆಯ ಅಜ್ಜಿ ಬೆಳಗಿನವರೆಗೆ
ಲಾರಿಯಡಿ ಲಾಟೀನು ಹಿಡಿದು ಕೂತಿದ್ದಳಂತೆ.
ಯಾವ ಭಾಷೆಯಲ್ಲಿ ಮಾತಾಡಿದಿರಿ, ಕೇಳಿದ್ದೆ.
‘ಮಾತು ಎಂತಕ್ಕೆ? ಗಾಡಿ ಕೆಟ್ಟದ್ದು ಕಾಣುತ್ತಿತ್ತಲ್ಲ.’

ಆ ಅಂದುಂಞಿಚ್ಚನಿಗೆ ಈಗ ವಾರಕ್ಕೆರಡು ಸಲ
ಮಂಗಳೂರಿನಲ್ಲಿ ರಕ್ತ ತೊಳೆಯಬೇಕು.
ಎರಡು ಸಲ ತಪ್ಪಿತು. ಮುಖ ಊದಿತು.
ಇಡೀ ದೇಶಕ್ಕೆ ಪರ್ಮಿಟ್ಟು ಇದ್ದವರು
ಮನೆಯಿಂದ ಐದಾರು ಕಿಲೋಮೀಟರಿನಲ್ಲಿ
ಕೆಂಪು ಗುಡ್ಡೆಯೊಂದರ ಬುಡಕ್ಕೆ ಬಂದು ನಿಂತರು.

ಮದುವೆ ಹಾಲಿನ ಪ್ಲಾಸ್ಟಿಕ್ ಕುರ್ಚಿ.
ಆ ಕಡೆಯಿಂದ ಬಟ್ಯ ಮೂಲ್ಯ, ಕ್ರಾಸ್ತಾರ ಮಗ ಪಾಸ್ಕಲ್.
ಈ ಕಡೆಯಿಂದ ನಾನು,
ಮತ್ತೆ ಇಂಡಿ ಕಡೆಯ ಪೇದೆ; ಲಾಠಿಯನ್ನು ಪೊದೆಗೊರಗಿಸಿ
‘ನಡೀರಿ, ನಾ ಏನೂ ನೋಡಿಲ್ರಿ’ ಎಂದು
ಕುರ್ಚಿಯ ಹಿಂದಿನ ಕಾಲು ಹಿಡಿದ.
ಒಬ್ಬ ‘ಮೆಲ್ಲ’ ಎಂದ, ಒಬ್ಬ ‘ಪದುಕ್ಕೆ’, ಒಬ್ಬ ‘ಸವ್ಕಾಸ್’.
ಒಂದೇ ಹೆಜ್ಜೆಗೆ.

ನನ್ನ ಕಾಲಡಿಯಲ್ಲಿ ನನ್ನ ಮಣ್ಣು ಜಾರುತ್ತಿತ್ತು.

ತುದಿಯಲ್ಲಿ, ಕುರ್ಚಿಯಲ್ಲೇ ಕೂತು,
ಅಂದುಂಞಿಚ್ಚ ಒಮ್ಮೆ ಆಚೆ ನೋಡಿದರು, ಒಮ್ಮೆ ಈಚೆ.
ಮತ್ತೆ ಗುಡ್ಡೆಯನ್ನು, ಕಸುಬುದಾರನ ಕಣ್ಣಿನಲ್ಲಿ.
‘ಪಳಗಿದ ಡ್ರೈವರು ಮಾರಾಯ.
ಕತ್ತಲಲ್ಲೂ ಒಂದು ಬುಟ್ಟಿ ಚರಂಡಿಗೆ ಹೋಗಿಲ್ಲ.’
ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ.
ನಾನು ಕುರ್ಚಿಯ ಕಾಲನ್ನೇ ನೋಡುತ್ತಿದ್ದೆ.

ರಸ್ತೆ ತೆರೆಯಿತು. ಮಣ್ಣು ಹೊರಲೂ ನನ್ನದೇ ಟಿಪ್ಪರು.
ಎಲ್ಲಿಗೆ ಹಾಕಲಿ? ಎಲ್ಲಿಂದ ತಂದೆಯೋ ಅಲ್ಲಿಗೇ.
ಆ ಗುಡ್ಡದ ತಲೆ ಒಂದು ರಾಜ್ಯ, ಪಾದ ಇನ್ನೊಂದು.
ಹೊಂಡದ ಬಾಯಿಗೆ ಸುರಿದೆ.
ಮಳೆಗೆ ಅದು ಯಾವ ಕಡೆ ಇಳಿಯಿತೋ.

ಈಗಲೂ ಹೋಟೆಲಿನಲ್ಲಿ ಚಾ ಆರುವಷ್ಟು ಹೊತ್ತು
ನಮ್ಮವರು, ಅವರು, ನಮ್ಮದು, ಅವರದು ನಡೆಯುತ್ತದೆ.
ಒಳ್ಳೆಯವರೇ. ಬೋರ್ಡಿನ ಅಕ್ಷರಕ್ಕಾಗಿ ನೊಂದವರು,
ನಾನೂ ಆ ನೋವಿನವನೇ; ನನ್ನ ಶಾಲೆಯದ್ದೂ ಹೋಯಿತು.
ಆದರೆ ಒಬ್ಬ ಮೇಜು ಗುದ್ದಿ ‘ಮುಚ್ಚಿಬಿಡಬೇಕು’ ಎಂದರೆ
ನನ್ನ ಎಡಗೈ ಇಲ್ಲದ ಲಿವರನ್ನು ಹುಡುಕುತ್ತದೆ,
ಎತ್ತಿದ ಬೆನ್ನನ್ನು ಇಳಿಸಲಿಕ್ಕೆ.

ಮುಂದಿನ ಆಟಿಯಲ್ಲಿ ಅಂದುಂಞಿಚ್ಚ ಹೋದರು.
ತಪ್ಪಿದ ಆ ಎರಡು ಸಲಕ್ಕೂ ಇದಕ್ಕೂ ಸಂಬಂಧ ಇಲ್ಲ,
ಎಂದರು ಡಾಕ್ಟರು. ಇರಲಿಕ್ಕಿಲ್ಲ.
ಪಳ್ಳಿಯ ಹಿತ್ತಲಲ್ಲಿ, ಮಳೆ ಬಿಟ್ಟ ಗಳಿಗೆಯಲ್ಲಿ,
ಅವರ ಮಗ ನನಗೂ ಜಾಗ ಬಿಟ್ಟ.
ಮೂರು ಹಿಡಿ ಹಾಕಬೇಕು, ಎಂದ.

ಒಂದು.
ಎರಡು.
ಮೂರನೆಯದು ಅಂಗೈಗೆ ಅಂಟಿ ಬೀಳಲಿಲ್ಲ.